ಕಿರ್ದಿ ಮೊದಲು, ಖತಾವಣಿ ಆಮೇಲೆ: ದತ್ತಸಂಚಯದ ಟೇಬಲ್‌ಸ್ಪೇಸ್ ಮತ್ತು ವ್ಯವಹಾರ ಲಾಗ್

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಹಳೆಯ ವ್ಯಾಪಾರಸ್ಥರ ಮನೆಗಳಲ್ಲಿ ಲೆಕ್ಕದ ಪುಸ್ತಕಗಳು ಎರಡು ಬಗೆಯವು. ಒಂದು ಕಿರ್ದಿ, ಇನ್ನೊಂದು ಖತಾವಣಿ. ಕನ್ನಡಕ್ಕೂ ಮರಾಠಿಗೂ ಸಮಾನವಾದ ಈ ಮಾತುಗಳನ್ನು ಅಲ್ಲಿಯ ಹಿರಿಯರು ಇಂದಿಗೂ ಬಲ್ಲರು. ದಿನದ ಕೊಡುಕೊಳ್ಳುವಿಕೆಯೆಲ್ಲವನ್ನೂ ನಡೆದ ಕ್ರಮದಲ್ಲಿಯೇ, ನಡೆದ ಕೂಡಲೇ, ಒಂದರ ಕೆಳಗೊಂದು ಬರೆದಿಡುವ ಪುಸ್ತಕವೇ ಕಿರ್ದಿ. ಅದರಿಂದ ತೆಗೆದು ಒಬ್ಬೊಬ್ಬರ ಹೆಸರಿನ ಪುಟಕ್ಕೆ ಬಿಡುವಾದಾಗ ಏರಿಸುವ ಪುಸ್ತಕವೇ ಖತಾವಣಿ. ಇತರ ಗಡಿಭಾಗಗಳ ಅಧ್ಯಾಪಕರು ಇವುಗಳನ್ನು ದಿನವಹಿ ಮತ್ತು ಖಾತೆ ಪುಸ್ತಕ ಎಂದು ಹೇಳಿಕೊಡಬಹುದು. ಖತಾವಣಿ ಹಾಳಾದರೆ ಕಿರ್ದಿಯಿಂದ ಅದನ್ನು ಪುನಃ ಕಟ್ಟಬಹುದು. ಕಿರ್ದಿಯಲ್ಲಿ ಬರೆಯದೆ ನೇರವಾಗಿ ಖತಾವಣಿಯನ್ನು ತಿದ್ದಿದವನ ಲೆಕ್ಕಕ್ಕೆ ಮಾತ್ರ ಯಾವ ಆಧಾರವೂ ಇರದು.

ಇಂದಿನ ದತ್ತಸಂಚಯ ವ್ಯವಸ್ಥೆಗಳು ಈ ಶಿಸ್ತಿನ ಮೇಲೆಯೇ ನಿಂತಿವೆ. ಅವುಗಳ ಖತಾವಣಿ ಇರುವ ನೆಲೆಗೆ ಟೇಬಲ್‌ಸ್ಪೇಸ್ ಎಂದೂ, ಕಿರ್ದಿಗೆ ವ್ಯವಹಾರ ಲಾಗ್ ಎಂದೂ ಹೆಸರು. ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳ ಗಣಕ ವಿಜ್ಞಾನದ ಪಾಠಗಳಲ್ಲಿ ಕೋಷ್ಟಕಗಳನ್ನು ರಚಿಸುವುದನ್ನೂ ಪ್ರಶ್ನಿಸುವುದನ್ನೂ ವಿದ್ಯಾರ್ಥಿಗಳು ಕಲಿಯುತ್ತಾರೆ. ಆ ಕೋಷ್ಟಕಗಳು ಡಿಸ್ಕಿನ ಮೇಲೆ ಎಲ್ಲಿರುತ್ತವೆ, ಬರೆಯುವ ನಡುವೆಯೇ ವಿದ್ಯುತ್ತು ಹೋದರೆ ಅವುಗಳ ಗತಿಯೇನು ಎಂಬ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಉಳಿದುಬಿಡುತ್ತದೆ. ಆ ಪ್ರಶ್ನೆಗೆ ಉತ್ತರಿಸಲು ಅಧ್ಯಾಪಕರಿಗೆ ನೆರವಾಗುವುದೇ ಈ ಲೇಖನದ ಉದ್ದೇಶ. ಉದಾಹರಣೆಗೆಂದು ಪೋಸ್ಟ್‌ಗ್ರೆಸ್ ಎಂಬ ಮುಕ್ತ ತಂತ್ರಾಂಶವನ್ನು ಆರಿಸಿಕೊಳ್ಳಲಾಗಿದೆ. ಅದು ಉಚಿತವಾಗಿ ದೊರೆಯುವುದರಿಂದ ಶಾಲೆಯ ಗಣಕದಲ್ಲಿಯೇ ಸ್ಥಾಪಿಸಿ ತೋರಿಸಬಹುದು.

ವ್ಯವಹಾರ ಎಂದರೇನು?

ಅಧ್ಯಾಪಕರಿಗೆ ಚಿರಪರಿಚಿತವಾದ ಪ್ರಸಂಗವೊಂದನ್ನು ತೆಗೆದುಕೊಳ್ಳೋಣ. ಕನ್ನಡ ಮಾಧ್ಯಮದ ಒಬ್ಬ ವಿದ್ಯಾರ್ಥಿನಿ ವರ್ಗಾವಣೆ ಪ್ರಮಾಣಪತ್ರ ಪಡೆದು ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಹೋಗುತ್ತಾಳೆ. ಎರಡೂ ಶಾಲೆಗಳ ದಾಖಲೆ ಒಂದೇ ದತ್ತಸಂಚಯದಲ್ಲಿದೆ ಎಂದುಕೊಳ್ಳೋಣ. ಆಗ ನಾಲ್ಕು ಬರವಣಿಗೆಗಳು ನಡೆಯಬೇಕು: ಮೊದಲ ಶಾಲೆಯ ದಾಖಲಾತಿಯಲ್ಲಿ ಆಕೆ ಬಿಟ್ಟುಹೋದಳೆಂದು ಗುರುತಿಸಬೇಕು, ಆ ಶಾಲೆಯ ಮಕ್ಕಳ ಸಂಖ್ಯೆಯಲ್ಲಿ ಒಂದನ್ನು ಕಳೆಯಬೇಕು, ಎರಡನೆಯ ಶಾಲೆಯ ದಾಖಲಾತಿಗೆ ಆಕೆಯ ಹೆಸರನ್ನು ಸೇರಿಸಬೇಕು, ಅಲ್ಲಿಯ ಸಂಖ್ಯೆಗೆ ಒಂದನ್ನು ಕೂಡಿಸಬೇಕು.

ಎರಡನೆಯ ಬರವಣಿಗೆ ಮುಗಿದು ಮೂರನೆಯದು ಆರಂಭವಾಗುವ ಮೊದಲೇ ವಿದ್ಯುತ್ತು ಹೋಯಿತೆನ್ನಿ. ಮಗು ಈಗ ಎರಡು ಶಾಲೆಗಳಲ್ಲಿಯೂ ಇಲ್ಲ. ಬರವಣಿಗೆಯ ಕ್ರಮ ಹಿಂದುಮುಂದಾಗಿದ್ದರೆ ಎರಡು ಕಡೆಗಳಲ್ಲಿಯೂ ಇರುತ್ತಿದ್ದಳು. ಮಕ್ಕಳ ತಲೆಯೆಣಿಕೆಯ ಮೇಲೆ ತರಗತಿ ವಿಭಾಗಗಳೂ ಅಧ್ಯಾಪಕ ಹುದ್ದೆಗಳೂ ನಿಂತಿರುವ ಅಲ್ಪಸಂಖ್ಯಾತ ಭಾಷೆಯ ಶಾಲೆಗೆ ಒಂದು ಹೆಸರು ಸಣ್ಣ ಸಂಗತಿಯಲ್ಲ ಎಂಬುದನ್ನು ಈ ಕೈಪಿಡಿಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಆದಕಾರಣ ಈ ನಾಲ್ಕು ಬರವಣಿಗೆಗಳನ್ನೂ ಬಿಡಿಸಲಾಗದ ಒಂದೇ ಕಟ್ಟಾಗಿ ಪರಿಗಣಿಸಬೇಕಾಗುತ್ತದೆ. ಆದರೆ ನಾಲ್ಕೂ ಆಗಬೇಕು, ಇಲ್ಲವಾದರೆ ಒಂದೂ ಆಗಿರಬಾರದು. ಇಂತಹ ಕಟ್ಟಿಗೆ ವ್ಯವಹಾರ ಎಂದು ಹೆಸರು. ವ್ಯವಹಾರವು ಪೂರ್ತಿಯಾಯಿತೆಂದು ಸಾರುವ ಕೊನೆಯ ಆದೇಶವೇ ಕಮಿಟ್. ಕಮಿಟ್ ಆಯಿತೆಂದು ದತ್ತಸಂಚಯವು ಒಮ್ಮೆ ಉತ್ತರ ಕೊಟ್ಟಿತೆಂದರೆ, ಮರುಕ್ಷಣವೇ ಗಣಕ ನಿಂತುಹೋದರೂ ಆ ದಾಖಲೆ ಉಳಿಯಲೇಬೇಕು. ಅವಿಭಾಜ್ಯತೆ, ಸುಸಂಗತತೆ, ಪ್ರತ್ಯೇಕತೆ, ಸ್ಥಿರತೆ ಎಂಬ ವ್ಯವಹಾರದ ನಾಲ್ಕು ಗುಣಗಳನ್ನು ಆ್ಯಸಿಡ್ ಎಂಬ ಹ್ರಸ್ವನಾಮದಲ್ಲಿ ಮೊದಲು ಕಟ್ಟಿಕೊಟ್ಟವರು ಥಿಯೋ ಹೆರ್ಡರ್ ಮತ್ತು ಆಂಡ್ರಿಯಾಸ್ ರಾಯ್ಟರ್; ವರ್ಷ 1983. ವ್ಯವಹಾರ ಸಂಸ್ಕರಣೆಯ ಅಡಿಪಾಯ ಹಾಕಿದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಟೇಬಲ್‌ಸ್ಪೇಸ್: ಖತಾವಣಿಯ ಕಪಾಟು

ಕೋಷ್ಟಕವೆಂಬುದು ನಮ್ಮ ಕಣ್ಣಿಗೆ ಸಾಲು ಮತ್ತು ಅಂಕಣಗಳ ಒಂದು ಚೌಕಟ್ಟು. ಡಿಸ್ಕಿನ ಮೇಲೆ ಅದು ಕಡತ. ಪೋಸ್ಟ್‌ಗ್ರೆಸ್‌ನಲ್ಲಿ ಆ ಕಡತವು ಸಾಮಾನ್ಯವಾಗಿ 8 ಕಿಲೋಬೈಟ್‌ಗಳ ಪುಟಗಳಾಗಿ ವಿಭಾಗಗೊಂಡಿರುತ್ತದೆ. ಒಂದು ಸಾಲನ್ನು ಓದಬೇಕಾದರೂ ಅದಿರುವ ಪುಟವನ್ನು ಇಡಿಯಾಗಿಯೇ ಸ್ಮೃತಿಗೆ ತರಬೇಕು. ಕಡತವು 1 ಗಿಗಾಬೈಟ್ ತಲುಪಿದಾಗ ವ್ಯವಸ್ಥೆಯೇ ಎರಡನೆಯ ಕಡತವನ್ನು ತೆರೆಯುತ್ತದೆ. ಹೀಗೆ ತುಂಬಿದ ಒಂದು ಕಡತದಲ್ಲಿ 1,31,072 ಪುಟಗಳಿರುತ್ತವೆ. ಈ ಭಾಗಾಕಾರವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬಹುದು.

ಈ ಕಡತಗಳನ್ನು ಯಾವ ಡಿಸ್ಕಿನ ಯಾವ ಕಡತಕೋಶದಲ್ಲಿ ಇಡಬೇಕೆಂಬುದನ್ನು ನಿರ್ಧರಿಸುವ ಏರ್ಪಾಡೇ ಟೇಬಲ್‌ಸ್ಪೇಸ್. ಕಪಾಟಿಗೆ ಒಂದು ಹೆಸರು ಕೊಟ್ಟು, ಅನಂತರ ಪುಸ್ತಕಗಳ ವಿಷಯದಲ್ಲಿ ಆ ಹೆಸರನ್ನಷ್ಟೇ ಹೇಳುವುದಕ್ಕೆ ಇದನ್ನು ಹೋಲಿಸಬಹುದು. ಪೋಸ್ಟ್‌ಗ್ರೆಸ್ ಸ್ಥಾಪನೆಯಾದಾಗಲೇ ಎರಡು ಟೇಬಲ್‌ಸ್ಪೇಸ್‌ಗಳು ಹುಟ್ಟಿಕೊಳ್ಳುತ್ತವೆ. ಒಂದು ಪಿಜಿ-ಡಿಫಾಲ್ಟ್; ನಾವು ಬೇರೇನೂ ಹೇಳದಿದ್ದರೆ ಕೋಷ್ಟಕಗಳು ಅಲ್ಲಿಗೆ ಹೋಗುತ್ತವೆ. ಇನ್ನೊಂದು ಪಿಜಿ-ಗ್ಲೋಬಲ್, ಎಲ್ಲ ದತ್ತಸಂಚಯಗಳಿಗೂ ಸಾಮಾನ್ಯವಾದ ವ್ಯವಸ್ಥಾ ಕೋಷ್ಟಕಗಳು ಅಲ್ಲಿರುತ್ತವೆ. ಬೇರೆ ಟೇಬಲ್‌ಸ್ಪೇಸ್ ಬೇಕಾದರೆ, ಖಾಲಿ ಕಡತಕೋಶವೊಂದನ್ನು ಮೊದಲೇ ರಚಿಸಿ, ಅದರ ಒಡೆತನವನ್ನು ಪೋಸ್ಟ್‌ಗ್ರೆಸ್ ನಡೆಯುವ ಬಳಕೆದಾರನಿಗೆ ಕೊಟ್ಟು, ಆಮೇಲೆ ‘ಕ್ರಿಯೇಟ್ ಟೇಬಲ್‌ಸ್ಪೇಸ್’ ಎಂಬ ಆದೇಶವನ್ನು ನೀಡಬೇಕು. ಈ ಸೌಲಭ್ಯವು ಪೋಸ್ಟ್‌ಗ್ರೆಸ್‌ಗೆ ಬಂದುದು 2005ರಲ್ಲಿ ಹೊರಬಂದ 8.0ನೆಯ ಆವೃತ್ತಿಯಲ್ಲಿ. ಆರಕಲ್ ಮತ್ತು ಡಿಬಿ-2 ವ್ಯವಸ್ಥೆಗಳಲ್ಲಿಯೂ ಟೇಬಲ್‌ಸ್ಪೇಸ್ ಎಂಬ ಹೆಸರೇ ಇದೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದೇ ಕೆಲಸವನ್ನು ಫೈಲ್‌ಗ್ರೂಪ್‌ಗಳು ಮಾಡುತ್ತವೆ.

ಇದರಿಂದಾಗುವ ಪ್ರಯೋಜನಗಳು ಮುಖ್ಯವಾಗಿ ಎರಡು. ಮೊದಲನೆಯದು, ಇರುವ ಡಿಸ್ಕು ತುಂಬುತ್ತ ಬಂದಾಗ ಹೊಸ ಡಿಸ್ಕನ್ನು ಜೋಡಿಸಿ, ಕೆಲವು ಕೋಷ್ಟಕಗಳನ್ನು ಅಲ್ಲಿಗೆ ಸಾಗಿಸುವುದು. ಎರಡನೆಯದು, ಬಳಕೆಗೆ ತಕ್ಕ ನೆಲೆಯನ್ನು ಒದಗಿಸುವುದು. ದಿನವೂ ತೆರೆಯುವ ಈ ವರ್ಷದ ಹಾಜರಿಯನ್ನು ವೇಗದ ಡಿಸ್ಕಿನಲ್ಲಿಯೂ, ವರ್ಷಕ್ಕೊಮ್ಮೆ ನೋಡುವ ಹತ್ತು ವರ್ಷಗಳ ಹಿಂದಿನ ಅಂಕಪಟ್ಟಿಗಳನ್ನು ಅಗ್ಗದ, ನಿಧಾನಗತಿಯ ಡಿಸ್ಕಿನಲ್ಲಿಯೂ ಇಡಬಹುದು. ಆದರೆ ದೊಡ್ಡ ಕೋಷ್ಟಕವೊಂದನ್ನು ಒಂದು ನೆಲೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಅದರ ಕಡತಗಳೆಲ್ಲ ನಕಲಾಗಬೇಕು. ಅಷ್ಟು ಹೊತ್ತು ಕೋಷ್ಟಕಕ್ಕೆ ಬೀಗ ಬಿದ್ದಿರುತ್ತದೆ. ಆದ್ದರಿಂದ ಇದು ಶಾಲೆಯ ವೇಳೆಯಲ್ಲಿ ಮಾಡುವ ಕೆಲಸವಲ್ಲ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ತಪ್ಪು ತಿಳಿವಳಿಕೆ ಬರುವ ಸಂಭವವುಂಟು. ಟೇಬಲ್‌ಸ್ಪೇಸ್ ಬೇರೆ ಡಿಸ್ಕಿನಲ್ಲಿದೆಯಾದ್ದರಿಂದ ಅದನ್ನು ಮಾತ್ರ ಕಿತ್ತುಕೊಂಡು ಬೇರೆ ಗಣಕಕ್ಕೆ ಜೋಡಿಸಬಹುದು ಅಥವಾ ಅದೊಂದನ್ನೇ ನಕಲು ಮಾಡಿ ಬ್ಯಾಕಪ್ ಎನ್ನಬಹುದು ಎಂದು ಅವರು ಭಾವಿಸಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಇದು ಸಾಧ್ಯವಿಲ್ಲ. ಯಾವ ಕಡತ ಯಾವ ಕೋಷ್ಟಕದ್ದು, ಯಾವ ವ್ಯವಹಾರ ಕಮಿಟ್ ಆಗಿದೆ ಎಂಬ ಮಾಹಿತಿಯೆಲ್ಲ ಮುಖ್ಯ ಕಡತಕೋಶದಲ್ಲಿರುತ್ತದೆ. ಕಪಾಟು ಬೇರೆ ಕೋಣೆಯಲ್ಲಿದ್ದರೂ ಅದರ ಸೂಚೀಪಟ್ಟಿ ಕಚೇರಿಯಲ್ಲಿಯೇ ಇದ್ದಂತೆ. ಒಂದು ಟೇಬಲ್‌ಸ್ಪೇಸ್‌ನ ಡಿಸ್ಕು ಕೆಟ್ಟರೆ ಇಡೀ ದತ್ತಸಂಚಯ ಸಮೂಹವೇ ಆರಂಭವಾಗದೆ ಹೋಗಬಹುದು. ಆದ್ದರಿಂದಲೇ ಗಣಕ ನಿಂತೊಡನೆ ಅಳಿಸಿಹೋಗುವ ಸ್ಮೃತಿಯ ಡಿಸ್ಕಿನ ಮೇಲೆ ಟೇಬಲ್‌ಸ್ಪೇಸ್ ಇಡಬಾರದು.

ವ್ಯವಹಾರ ಲಾಗ್: ಮೊದಲು ಬರೆಯುವ ಪುಸ್ತಕ

ಇನ್ನು ಕಿರ್ದಿಯ ವಿಚಾರ. ದತ್ತಸಂಚಯವು ಒಂದು ಸಾಲನ್ನು ಬದಲಾಯಿಸಿದಾಗ ಆ ಬದಲಾವಣೆಯು ಮೊದಲು ನಡೆಯುವುದು ಸ್ಮೃತಿಯಲ್ಲಿರುವ ಪುಟದ ಪ್ರತಿಯ ಮೇಲೆ. ಡಿಸ್ಕಿನ ಮೇಲಿನ ಪುಟವು ಹಳೆಯದಾಗಿಯೇ ಇರುತ್ತದೆ. ಪ್ರತಿ ಬದಲಾವಣೆಗೂ ಡಿಸ್ಕಿನ ಪುಟವನ್ನು ಕೂಡಲೇ ತಿದ್ದಬಾರದೇಕೆ? ಒಂದು ವ್ಯವಹಾರವು ಹತ್ತಾರು ಪುಟಗಳನ್ನು ಮುಟ್ಟಬಹುದು. ಆ ಪುಟಗಳು ಡಿಸ್ಕಿನಲ್ಲಿ ಎಲ್ಲೆಲ್ಲೋ ಚದರಿರುತ್ತವೆ. ಅವನ್ನೆಲ್ಲ ಹುಡುಕಿ ತಿದ್ದುವವರೆಗೆ ಬಳಕೆದಾರನು ಕಾಯಬೇಕಾಗುತ್ತದೆ. ಅಷ್ಟರಲ್ಲಿ ವಿದ್ಯುತ್ತು ಹೋದರೆ ಕೆಲವು ಪುಟ ಹೊಸದು, ಕೆಲವು ಹಳೆಯದು ಎಂಬ ಅರೆಬರೆ ಸ್ಥಿತಿ ಉಂಟಾಗುತ್ತದೆ.

ಇದಕ್ಕೆ ಪರಿಹಾರವೇ ಮುನ್‌ಬರಹದ ಲಾಗ್. ‘ಇಂತಹ ಪುಟದಲ್ಲಿ ಇಂತಹ ಸಾಲನ್ನು ಸೇರಿಸಲಾಯಿತು’ ಎಂಬ ಚಿಕ್ಕ ಚಿಕ್ಕ ನಮೂದುಗಳನ್ನು ಒಂದೇ ಕಡತದ ಕೊನೆಗೆ ಸಾಲಾಗಿ ಜೋಡಿಸುತ್ತ ಹೋಗುವುದು. ಇದರ ನಿಯಮಗಳು ಎರಡೇ. ಒಂದು: ಬದಲಾವಣೆಯ ನಮೂದು ಲಾಗ್‌ನಲ್ಲಿ ಭದ್ರವಾಗಿ ಡಿಸ್ಕಿಗೆ ಇಳಿಯುವವರೆಗೆ, ಬದಲಾದ ಪುಟವನ್ನು ಟೇಬಲ್‌ಸ್ಪೇಸ್‌ಗೆ ಬರೆಯಬಾರದು. ಎರಡು: ಕಮಿಟ್‌ನ ನಮೂದು ಡಿಸ್ಕಿಗೆ ಇಳಿಯುವವರೆಗೆ, ವ್ಯವಹಾರ ಮುಗಿಯಿತೆಂದು ಬಳಕೆದಾರನಿಗೆ ಹೇಳಬಾರದು. ಕಿರ್ದಿಯಲ್ಲಿ ಬರೆಯದೆ ಖತಾವಣಿಗೆ ಏರಿಸಬಾರದು, ಕಿರ್ದಿಯಲ್ಲಿ ಬರೆಯದೆ ರಸೀದಿ ಕೊಡಬಾರದು ಎಂಬ ಹಳೆಯ ಕಟ್ಟುಪಾಡೇ ಇದು.

ಲಾಗ್‌ಗೆ ಬರೆಯುವುದು ಸದಾ ಕಡತದ ಕೊನೆಗೆ. ಹಿಂದೆ ಮುಂದೆ ಹುಡುಕುವ ಶ್ರಮವಿಲ್ಲ. ಆದ್ದರಿಂದ ಈ ಬರವಣಿಗೆಯು ಚದರಿದ ಪುಟಗಳ ಬರವಣಿಗೆಗಿಂತ ಬಹಳ ಬೇಗ ಮುಗಿಯುತ್ತದೆ. ಭದ್ರತೆ ಮತ್ತು ವೇಗ ಎರಡೂ ಒಂದೇ ಉಪಾಯದಿಂದ ದೊರೆತುದು ಈ ವಿಧಾನದ ಹೆಚ್ಚುಗಾರಿಕೆ. ಅನುಕೂಲವಿದ್ದಲ್ಲಿ ಲಾಗ್ ಮತ್ತು ಟೇಬಲ್‌ಸ್ಪೇಸ್‌ಗಳನ್ನು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಬೇಕೆಂದು ಹೇಳುವುದೂ ಇದಕ್ಕಾಗಿಯೇ: ಸಾಲಾಗಿ ಬರೆಯುವ ಕೆಲಸಕ್ಕೆ ಚದರಿ ಬರೆಯುವ ಕೆಲಸ ಅಡ್ಡಬರಬಾರದು.

ಪೋಸ್ಟ್‌ಗ್ರೆಸ್‌ನಲ್ಲಿ ಲಾಗ್ ಕಡತವೊಂದರ ಸಾಮಾನ್ಯ ಗಾತ್ರ 16 ಮೆಗಾಬೈಟ್. ಕಡತದ ಹೆಸರು 24 ಅಂಕೆಗಳ ಹದಿನಾರನೆಯ ಮಾನದ ಸಂಖ್ಯೆ. ಹೆಸರು ನೋಡಿದರೆ ಸಾಕು, ಕ್ರಮ ತಿಳಿಯುತ್ತದೆ. ಪೋಸ್ಟ್‌ಗ್ರೆಸ್‌ನ ಕಾರ್ಯ ಬರ್ಕಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ 1986ರಲ್ಲಿ ಆರಂಭವಾಯಿತಾದರೂ, ಮುನ್‌ಬರಹದ ಲಾಗ್ ಅದಕ್ಕೆ ಸೇರಿದುದು 2001ರ 7.1ನೆಯ ಆವೃತ್ತಿಯಲ್ಲಿ. ಲಾಗ್ ಬಳಸಿ ಚೇತರಿಸಿಕೊಳ್ಳುವ ವಿಧಾನಗಳಲ್ಲಿ ಪ್ರಸಿದ್ಧವಾದುದು ಏರೀಸ್. ಮದ್ರಾಸಿನ ಐಐಟಿಯಲ್ಲಿ ಓದಿದ ಸಿ. ಮೋಹನ್ ಮತ್ತು ಅವರ ಸಂಗಡಿಗರು ಐಬಿಎಂ ಸಂಸ್ಥೆಯಲ್ಲಿ ರೂಪಿಸಿದ ಈ ವಿಧಾನದ ಪ್ರಬಂಧ 1992ರಲ್ಲಿ ಪ್ರಕಟವಾಯಿತು. ಅನೇಕ ದತ್ತಸಂಚಯಗಳ ಮೇಲೆ ಅದರ ಪ್ರಭಾವವಿದೆ.

ಚೆಕ್‌ಪಾಯಿಂಟ್ ಮತ್ತು ಚೇತರಿಕೆ

ಲಾಗ್ ಬೆಳೆಯುತ್ತಲೇ ಹೋದರೆ ಡಿಸ್ಕು ಸಾಲದು. ವಿದ್ಯುತ್ತು ಬಂದ ಮೇಲೆ ಮೊದಲಿನಿಂದ ಕೊನೆಯವರೆಗೆ ಓದುವುದಕ್ಕೆ ಸಮಯವೂ ಸಾಲದು. ಆದ್ದರಿಂದ ಆಗಾಗ ಸ್ಮೃತಿಯಲ್ಲಿರುವ ಬದಲಾದ ಪುಟಗಳನ್ನೆಲ್ಲ ಟೇಬಲ್‌ಸ್ಪೇಸ್‌ಗೆ ಬರೆದು ಮುಗಿಸಿ, ‘ಇಲ್ಲಿಯವರೆಗಿನ ಕಿರ್ದಿ ಖತಾವಣಿಗೆ ಏರಿದೆ’ ಎಂದು ಗುರುತು ಹಾಕಲಾಗುತ್ತದೆ. ಇದೇ ಚೆಕ್‌ಪಾಯಿಂಟ್. ಬೇರೆ ಏರ್ಪಾಡು ಮಾಡದಿದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ ಇದು 5 ನಿಮಿಷಗಳಿಗೊಮ್ಮೆ ಅಥವಾ ಲಾಗ್‌ನ ಗಾತ್ರ 1 ಗಿಗಾಬೈಟ್‌ನ ಮಿತಿಯನ್ನು ಸಮೀಪಿಸಿದಾಗ ನಡೆಯುತ್ತದೆ. ಆ ಗುರುತಿಗಿಂತ ಹಿಂದಿನ, ಬೇರಾವುದಕ್ಕೂ ಬೇಡವಾದ ಲಾಗ್ ಕಡತಗಳನ್ನು ವ್ಯವಸ್ಥೆಯೇ ಮರುಬಳಕೆ ಮಾಡುತ್ತದೆ ಅಥವಾ ತೆಗೆದುಹಾಕುತ್ತದೆ. ವ್ಯಾಪಾರಿಯ ಕಿರ್ದಿಗೂ ಇದಕ್ಕೂ ಇರುವ ಭೇದ ಇಲ್ಲಿದೆ: ಅವನು ಹಳೆಯ ಕಿರ್ದಿಯನ್ನು ಗಂಟುಕಟ್ಟಿ ಅಟ್ಟದ ಮೇಲಿಡುತ್ತಾನೆ, ದತ್ತಸಂಚಯವು ನಾವು ಹೇಳದ ಹೊರತು ಹಾಗೆ ಉಳಿಸಿಡುವುದಿಲ್ಲ.

ಗಣಕ ಹಠಾತ್ತನೆ ನಿಂತು ಮತ್ತೆ ಆರಂಭವಾದಾಗ ದತ್ತಸಂಚಯವು ಕೊನೆಯ ಚೆಕ್‌ಪಾಯಿಂಟ್‌ನಿಂದ ಮುಂದಕ್ಕೆ ಲಾಗನ್ನು ಓದುತ್ತ ಹೋಗುತ್ತದೆ. ಪ್ರತಿ ನಮೂದಿಗೂ ಒಂದು ಕ್ರಮಸಂಖ್ಯೆಯಿದೆ. ತನ್ನನ್ನು ಕೊನೆಯದಾಗಿ ಬದಲಾಯಿಸಿದ ನಮೂದಿನ ಕ್ರಮಸಂಖ್ಯೆಯನ್ನು ಪ್ರತಿ ಪುಟವೂ ತನ್ನ ತಲೆಯಲ್ಲಿ ಹೊತ್ತಿರುತ್ತದೆ. ಹೀಗಾಗಿ ಯಾವ ಬದಲಾವಣೆ ಪುಟಕ್ಕೆ ಈಗಾಗಲೇ ಇಳಿದಿದೆ, ಯಾವುದು ಇಳಿದಿಲ್ಲ ಎಂಬುದು ಗೊತ್ತಾಗುತ್ತದೆ. ಇಳಿಯದಿದ್ದುದನ್ನು ಮಾತ್ರ ಮತ್ತೆ ನಡೆಸಲಾಗುತ್ತದೆ.

ನಮ್ಮ ವಿದ್ಯಾರ್ಥಿನಿಯ ಉದಾಹರಣೆಗೆ ಮರಳೋಣ. ಕಮಿಟ್‌ನ ನಮೂದು ಲಾಗ್‌ನಲ್ಲಿದ್ದರೆ, ಪುಟಗಳು ಟೇಬಲ್‌ಸ್ಪೇಸ್‌ಗೆ ಇಳಿಯದಿದ್ದರೂ ನಾಲ್ಕು ಬರವಣಿಗೆಗಳೂ ಪುನಃ ನಡೆದು ಆಕೆ ಹೊಸ ಶಾಲೆಯಲ್ಲಿರುತ್ತಾಳೆ. ಕಮಿಟ್‌ನ ನಮೂದು ಇಲ್ಲದಿದ್ದರೆ ಬರೆದ ಎರಡು ಸಾಲುಗಳು ಲೆಕ್ಕಕ್ಕಿಲ್ಲ. ಆಕೆ ಹಳೆಯ ಶಾಲೆಯಲ್ಲಿಯೇ ಇರುತ್ತಾಳೆ, ಕೆಲಸವನ್ನು ಮತ್ತೊಮ್ಮೆ ಮಾಡಿದರಾಯಿತು. ಎಲ್ಲಿಯೂ ಇಲ್ಲದ ಸ್ಥಿತಿ ಮಾತ್ರ ಎಂದಿಗೂ ಬಾರದು. ಕಮಿಟ್ ಆಗದ ಬದಲಾವಣೆಗಳನ್ನು ನಿವಾರಿಸುವ ಬಗೆ ವ್ಯವಸ್ಥೆಯಿಂದ ವ್ಯವಸ್ಥೆಗೆ ಭಿನ್ನ. ಪೋಸ್ಟ್‌ಗ್ರೆಸ್ ಸಾಲಿನ ಹಳೆಯ ರೂಪವನ್ನು ಅಳಿಸದೆ ಹೊಸ ರೂಪವನ್ನು ಪಕ್ಕದಲ್ಲಿ ಬರೆಯುವುದರಿಂದ, ಕಮಿಟ್ ಆಗದ ಹೊಸ ರೂಪ ಯಾರಿಗೂ ಕಾಣಿಸುವುದಿಲ್ಲ, ಅಷ್ಟೆ. ಆರಕಲ್ ವ್ಯವಸ್ಥೆಯು ಹಳೆಯ ರೂಪವನ್ನು ಅನ್‌ಡೂ ಟೇಬಲ್‌ಸ್ಪೇಸ್ ಎಂಬ ಪ್ರತ್ಯೇಕ ನೆಲೆಯಲ್ಲಿ ಕಾದಿಟ್ಟು ಅಲ್ಲಿಂದ ಹಿಂದಕ್ಕೆ ತರುತ್ತದೆ.

ಲಾಗ್ ಕಡತ ಕಸವಲ್ಲ

ಈ ಪಾಠದಲ್ಲಿ ಒಂದೇ ಒಂದು ಮಾತು ವಿದ್ಯಾರ್ಥಿಯ ನೆನಪಿನಲ್ಲಿ ಉಳಿಯುವುದಾದರೆ ಅದು ಇದಾಗಿರಲಿ: ವ್ಯವಹಾರ ಲಾಗ್‌ನ ಕಡತಗಳನ್ನು ಕೈಯಾರೆ ಅಳಿಸಬಾರದು.

ಗಣಕ ಲೋಕದಲ್ಲಿ ಲಾಗ್ ಎಂಬ ಮಾತಿಗೆ ಎರಡು ಅರ್ಥಗಳಿವೆ. ಯಾರು ಯಾವಾಗ ಒಳಬಂದರು, ಯಾವ ದೋಷ ಕಂಡಿತು ಎಂದು ಬರೆದಿಡುವ ಸಂದೇಶಗಳ ಕಡತವೂ ಲಾಗ್. ಹಳೆಯದಾದರೆ ಅದನ್ನು ಅಳಿಸಬಹುದು. ವ್ಯವಹಾರ ಲಾಗ್ ಹಾಗಲ್ಲ. ಅದು ದತ್ತಾಂಶದ ಒಂದು ಭಾಗವೇ. ಈ ಗೊಂದಲದಿಂದ ಆದ ಹಾನಿಗೆ ಪೋಸ್ಟ್‌ಗ್ರೆಸ್‌ನ ಇತಿಹಾಸವೇ ಸಾಕ್ಷಿ. ಅದರ ಲಾಗ್ ಇರುವ ಕಡತಕೋಶಕ್ಕೆ ಮೊದಲು ಪಿಜಿ-ಎಕ್ಸ್‌ಲಾಗ್ ಎಂದೂ, ವ್ಯವಹಾರಗಳ ಸ್ಥಿತಿಯನ್ನು ಬರೆದಿಡುವ ಕೋಶಕ್ಕೆ ಪಿಜಿ-ಸಿಲಾಗ್ ಎಂದೂ ಹೆಸರಿತ್ತು. ಡಿಸ್ಕು ತುಂಬಿದಾಗ ಕೆಲವರು ‘ಲಾಗ್ ತಾನೆ’ ಎಂದು ಅಲ್ಲಿಯ ಕಡತಗಳನ್ನು ಅಳಿಸಿ, ಮರಳಿ ಪಡೆಯಲಾಗದಂತೆ ದತ್ತಾಂಶವನ್ನು ಕಳೆದುಕೊಂಡರು. ಆದಕಾರಣ 2017ರಲ್ಲಿ ಬಂದ 10ನೆಯ ಆವೃತ್ತಿಯಲ್ಲಿ ಆ ಹೆಸರುಗಳನ್ನೇ ಪಿಜಿ-ವಾಲ್ ಮತ್ತು ಪಿಜಿ-ಎಕ್ಸ್‌ಆ್ಯಕ್ಟ್ ಎಂದು ಬದಲಾಯಿಸಲಾಯಿತು. ಒಂದು ಹೆಸರು ತಪ್ಪು ಅರ್ಥ ಕೊಟ್ಟರೆ ಎಷ್ಟು ನಷ್ಟವಾದೀತೆಂಬುದಕ್ಕೆ ಭಾಷೆಯ ಅಧ್ಯಾಪಕರೂ ಬಳಸಬಹುದಾದ ನಿದರ್ಶನವಿದು.

ಹಾಗಾದರೆ ಡಿಸ್ಕು ತುಂಬಿದಾಗ ಮಾಡಬೇಕಾದುದೇನು? ಮೊದಲು ಯಾವ ಡಿಸ್ಕು ತುಂಬಿದೆ ಎಂದು ನೋಡಬೇಕು. ಟೇಬಲ್‌ಸ್ಪೇಸ್‌ನ ಡಿಸ್ಕು ತುಂಬಿದರೆ ಹೊಸ ಸಾಲುಗಳನ್ನು ಸೇರಿಸಲಾಗದೆ ದೋಷಸಂದೇಶ ಬರುತ್ತದೆ. ಇದ್ದ ದತ್ತಾಂಶ ಕೆಡುವುದಿಲ್ಲ. ಲಾಗ್‌ನ ಡಿಸ್ಕು ತುಂಬಿದರೆ ದತ್ತಸಂಚಯವೇ ನಿಂತುಹೋಗಬಹುದು; ಕಿರ್ದಿಯಲ್ಲಿ ಬರೆಯಲು ಜಾಗವಿಲ್ಲದಾಗ ಅಂಗಡಿಯ ಬಾಗಿಲು ಹಾಕುವುದೇ ಪ್ರಾಮಾಣಿಕ ಮಾರ್ಗ. ಆಗಲೂ ಕಮಿಟ್ ಆದ ದತ್ತಾಂಶ ಉಳಿದಿರುತ್ತದೆ. ಅದೇ ಡಿಸ್ಕಿನಲ್ಲಿರುವ ಸಂಬಂಧವಿಲ್ಲದ ಕಡತಗಳನ್ನು ಬೇರೆಡೆಗೆ ಸಾಗಿಸಿ ಅಥವಾ ಡಿಸ್ಕಿನ ಗಾತ್ರ ಹೆಚ್ಚಿಸಿ ಮತ್ತೆ ಆರಂಭಿಸಿದರೆ ಅದು ತಾನಾಗಿಯೇ ಚೇತರಿಸಿಕೊಳ್ಳುತ್ತದೆ.

ಅನಂತರ ಲಾಗ್ ಬೆಳೆದುದರ ಕಾರಣವನ್ನು ಹುಡುಕಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಸಾಮಾನ್ಯವಾಗಿ ಕಾಣುವ ಕಾರಣಗಳು ಮೂರು. ಲಾಗ್ ಕಡತಗಳನ್ನು ಬೇರೆಡೆಗೆ ನಕಲಿಸುವ ಆದೇಶ ವಿಫಲವಾಗುತ್ತಿರಬಹುದು. ನಕಲು ಯಶಸ್ವಿಯಾಗುವವರೆಗೆ ವ್ಯವಸ್ಥೆಯು ಮೂಲವನ್ನು ಬಿಡುವುದಿಲ್ಲ. ಪ್ರತಿರೂಪ ಗಣಕವೊಂದಕ್ಕಾಗಿ ಕಾಯ್ದಿಟ್ಟ ಸ್ಥಾನವು, ಆ ಗಣಕವನ್ನು ಕಿತ್ತುಹಾಕಿದ ಮೇಲೂ ಉಳಿದಿರಬಹುದು. ಬಾರದ ಅತಿಥಿಗೆಂದು ಎಲೆ ಹಾಕಿ ಕಾಯ್ದಂತೆ ಲಾಗ್ ಸಂಗ್ರಹವಾಗುತ್ತಲೇ ಇರುತ್ತದೆ. ಇದಕ್ಕೊಂದು ಮಿತಿ ಹಾಕುವ ಸೌಕರ್ಯ 2020ರ 13ನೆಯ ಆವೃತ್ತಿಯಿಂದ ದೊರೆತಿದೆ. ಮೂರನೆಯದು, ಒಮ್ಮೆಲೇ ಬಹಳ ದತ್ತಾಂಶವನ್ನು ತುಂಬಿದಾಗ ಆಗುವ ತಾತ್ಕಾಲಿಕ ಏರಿಕೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸ್ಥಿತಿ ತುಸು ಬೇರೆ: ಪೂರ್ಣ ಚೇತರಿಕೆಯ ಏರ್ಪಾಡನ್ನು ಆರಿಸಿಕೊಂಡಿದ್ದರೆ, ಲಾಗ್‌ನ ಬ್ಯಾಕಪ್ ತೆಗೆಯುವವರೆಗೆ ಅದರ ಹಳೆಯ ಭಾಗ ಮರುಬಳಕೆಗೆ ಸಿಗುವುದಿಲ್ಲ, ಮುಗಿಯದೆ ಉಳಿದ ಒಂದು ಹಳೆಯ ವ್ಯವಹಾರವೂ ಅದನ್ನು ಹಿಡಿದಿಡಬಲ್ಲದು. ಪೋಸ್ಟ್‌ಗ್ರೆಸ್‌ನಲ್ಲಿ ಅಂತಹ ವ್ಯವಹಾರದಿಂದ ಊದಿಕೊಳ್ಳುವುದು ಲಾಗ್ ಅಲ್ಲ, ಟೇಬಲ್‌ಸ್ಪೇಸ್. ಏಕೆಂದರೆ ಸಾಲುಗಳ ಹಳೆಯ ರೂಪಗಳನ್ನು ಗುಡಿಸುವ ವ್ಯಾಕ್ಯೂಮ್ ಎಂಬ ಕಾರ್ಯವು ಆ ವ್ಯವಹಾರ ಮುಗಿಯುವವರೆಗೆ ಅವನ್ನು ಮುಟ್ಟಲಾರದು.

ಬ್ಯಾಕಪ್‌ಗೆ ಲಾಗ್‌ನ ನೆರವು

ಹಳೆಯ ಕಿರ್ದಿಯನ್ನು ಅಟ್ಟದ ಮೇಲಿಡುವ ವ್ಯಾಪಾರಿಯ ವಿವೇಕವನ್ನು ದತ್ತಸಂಚಯಕ್ಕೂ ಕಲಿಸಬಹುದು. ತುಂಬಿದ ಪ್ರತಿ ಲಾಗ್ ಕಡತವನ್ನೂ ಮರುಬಳಕೆಗೆ ಮೊದಲು ಬೇರೆ ಗಣಕಕ್ಕೆ ನಕಲಿಸುವ ಏರ್ಪಾಡು ಮಾಡಬೇಕು. ಭಾನುವಾರ ರಾತ್ರಿ ಇಡೀ ದತ್ತಸಂಚಯದ ಮೂಲ ಪ್ರತಿಯೊಂದನ್ನು ತೆಗೆದಿಡಲಾಗಿದೆ ಎಂದುಕೊಳ್ಳೋಣ. ಬುಧವಾರ ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಯಾರೋ ಕೈತಪ್ಪಿ ದಾಖಲಾತಿಯ ಕೋಷ್ಟಕವನ್ನೇ ಅಳಿಸಿ, ಅದು ಕಮಿಟ್ ಆಯಿತು. ಭಾನುವಾರದ ಪ್ರತಿಯನ್ನು ಬೇರೊಂದು ಗಣಕದಲ್ಲಿ ಇಳಿಸಿ, ಅಲ್ಲಿಂದ ಮುಂದಿನ ಲಾಗನ್ನು ನಡೆಸುತ್ತ ಬಂದು, 11 ಗಂಟೆ 19 ನಿಮಿಷಕ್ಕೆ ನಿಲ್ಲಿಸೆಂದು ಹೇಳಿದರೆ ದತ್ತಸಂಚಯವು ಆ ಕ್ಷಣದ ಸ್ಥಿತಿಗೆ ಮರಳುತ್ತದೆ. ಮೂರು ದಿನಗಳ ಕೆಲಸ ವ್ಯರ್ಥವಾಗುವುದಿಲ್ಲ. ಆದರೆ ನಡುವಿನ ಒಂದು ಲಾಗ್ ಕಡತ ಕಾಣೆಯಾದರೂ ಅದರಾಚೆಗೆ ಹೋಗಲಾಗದು. ಮೂಲ ಪ್ರತಿಯಲ್ಲಿ ಎಲ್ಲ ಟೇಬಲ್‌ಸ್ಪೇಸ್‌ಗಳೂ ಇರಬೇಕೆಂಬುದನ್ನು ಮರೆಯಬಾರದು. ಒಂದು ಬ್ಯಾಕಪ್ಪಿನಿಂದ ದತ್ತಸಂಚಯವನ್ನು ನಿಜವಾಗಿ ಎಬ್ಬಿಸಿ ನೋಡಿದ ಹೊರತು ಅದನ್ನು ಬ್ಯಾಕಪ್ ಎಂದು ನಂಬಬಾರದು.

ಕನ್ನಡ ಹೆಸರು ಹಿಡಿಯುವ ಜಾಗ

ಸಂಗ್ರಹದ ಯೋಜನೆ ಮಾಡುವಾಗ ಕನ್ನಡದ ಮಟ್ಟಿಗೆ ಗಮನಿಸಬೇಕಾದ ಸಂಗತಿಯೊಂದಿದೆ. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಸಂಕೇತಕ್ರಮದಲ್ಲಿ ರೋಮನ್ ಅಕ್ಷರವೊಂದಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಕಾಗುಣಿತದ ಚಿಹ್ನೆಯೂ ಬೇರೆಯೇ ಸಂಕೇತ. ‘ಕಾಸರಗೋಡು’ ಎಂಬ ಹೆಸರನ್ನು ಬಿಡಿಸಿದರೆ ಐದು ವ್ಯಂಜನಗಳು, ಮೂರು ಸ್ವರಚಿಹ್ನೆಗಳು, ಒಟ್ಟು 8 ಸಂಕೇತಗಳು. ಅಂದರೆ 24 ಬೈಟ್. ರೋಮನ್ ಲಿಪಿಯಲ್ಲಿ ಅದೇ ಹೆಸರನ್ನು ಸಾಮಾನ್ಯವಾಗಿ 9 ಅಕ್ಷರಗಳಲ್ಲಿ ಬರೆಯುತ್ತಾರೆ, 9 ಬೈಟ್.

ಪೋಸ್ಟ್‌ಗ್ರೆಸ್‌ನಲ್ಲಿ ಅಂಕಣದ ಉದ್ದ 20 ಎಂದರೆ 20 ಸಂಕೇತಗಳು ಎಂದರ್ಥ. ಆರಕಲ್‌ನಲ್ಲಿ ಬೇರೆ ಸೂಚನೆ ಕೊಡದಿದ್ದರೆ 20 ಎಂದರೆ 20 ಬೈಟ್‌ಗಳು. ಅಂತಹ ಅಂಕಣವು ರೋಮನ್ ಲಿಪಿಯ ಕಾಸರಗೋಡನ್ನು ಸ್ವೀಕರಿಸಿ, ಕನ್ನಡ ಲಿಪಿಯ ಕಾಸರಗೋಡನ್ನು ತಿರಸ್ಕರಿಸುತ್ತದೆ. ದೋಷ ಲಿಪಿಯದ್ದಲ್ಲ, ಅಂಕಣವನ್ನು ಅಳೆದವರದು. ಮಗುವಿನ ಹೆಸರನ್ನು ಅದರ ಭಾಷೆಯಲ್ಲಿಯೇ ಬರೆದಿಡಬೇಕೆಂದು ಬಯಸುವವರು ಕೋಷ್ಟಕ ರಚಿಸುವ ದಿನವೇ ಇದನ್ನು ನೋಡಿಕೊಳ್ಳಬೇಕು.

ತರಗತಿಯ ಚಟುವಟಿಕೆ

ಈ ಪಾಠವನ್ನು ಗಣಕವಿಲ್ಲದೆಯೂ ಮಾಡಬಹುದು. ಕಪ್ಪುಹಲಗೆಯೇ ಗಣಕದ ಸ್ಮೃತಿ. ಒಂದು ನೋಟುಪುಸ್ತಕ ಕಿರ್ದಿ, ಇನ್ನೊಂದು ಖತಾವಣಿ. ಎರಡು ಕಲ್ಪಿತ ಶಾಲೆಗಳ ಐದೈದು ಮಕ್ಕಳ ಹೆಸರುಗಳನ್ನು ಖತಾವಣಿಯಲ್ಲಿಯೂ ಹಲಗೆಯ ಮೇಲೂ ಬರೆದಿಟ್ಟುಕೊಳ್ಳಿ. ಒಬ್ಬ ವಿದ್ಯಾರ್ಥಿ ಹಲಗೆಯ ಮೇಲೆ ಬದಲಾವಣೆ ಮಾಡಲಿ. ಇನ್ನೊಬ್ಬ ಪ್ರತಿ ಬದಲಾವಣೆಯನ್ನೂ ಮೊದಲು ಕಿರ್ದಿಯಲ್ಲಿ ಬರೆದು, ವ್ಯವಹಾರ ಮುಗಿದಾಗ ‘ಕಮಿಟ್’ ಎಂದು ಸೇರಿಸಲಿ. ಮೂರನೆಯವನು ಅಧ್ಯಾಪಕರು ‘ಚೆಕ್‌ಪಾಯಿಂಟ್’ ಎಂದಾಗ ಮಾತ್ರ ಹಲಗೆಯಲ್ಲಿರುವುದನ್ನು ಖತಾವಣಿಗೆ ಇಳಿಸಿ, ಕಿರ್ದಿಯಲ್ಲಿ ಅಡ್ಡಗೆರೆ ಎಳೆಯಲಿ. ಅಧ್ಯಾಪಕರು ತಮಗೆ ಬೇಕಾದಾಗ ‘ಕರೆಂಟು ಹೋಯಿತು’ ಎಂದು ಹೇಳಿ ಹಲಗೆಯನ್ನು ಒರೆಸಿಬಿಡಬೇಕು.

ಮೊದಲ ಸುತ್ತಿನಲ್ಲಿ ಕಮಿಟ್ ಬರೆಯುವ ಮೊದಲೇ ಒರೆಸಿ. ಎರಡನೆಯ ಸುತ್ತಿನಲ್ಲಿ ಕಮಿಟ್ ಬರೆದ ಮೇಲೆ, ಖತಾವಣಿಗೆ ಇಳಿಸುವ ಮೊದಲು ಒರೆಸಿ. ಎರಡು ಸಲವೂ ಖತಾವಣಿ ಮತ್ತು ಕಿರ್ದಿಗಳಿಂದ ಮಾತ್ರವೇ ಹಲಗೆಯನ್ನು ಮತ್ತೆ ತುಂಬಲು ಹೇಳಿ. ಮೂರನೆಯ ಸುತ್ತಿನಲ್ಲಿ, ಅಡ್ಡಗೆರೆಯ ಅನಂತರದ ಕಿರ್ದಿಯ ಹಾಳೆಯೊಂದನ್ನು ಸದ್ದಿಲ್ಲದೆ ತೆಗೆದಿಟ್ಟು ಒರೆಸಿ. ಆಗ ಯಾವ ಮಗು ಕಾಣೆಯಾಯಿತೆಂದು ಹುಡುಕುವ ಗದ್ದಲವೇ ಈ ಪಾಠದ ಸಾರವನ್ನು ಅವರಿಗೆ ಮನಗಾಣಿಸುತ್ತದೆ.

ಅಭ್ಯಾಸ ಪ್ರಶ್ನೆಗಳು

1. ಕಮಿಟ್ ಆಯಿತೆಂದು ಬಳಕೆದಾರನಿಗೆ ಹೇಳುವ ಮೊದಲು ಡಿಸ್ಕಿಗೆ ಇಳಿಯಲೇಬೇಕಾದುದು ಟೇಬಲ್‌ಸ್ಪೇಸ್‌ನ ಪುಟವೋ, ಲಾಗ್‌ನ ನಮೂದೋ? ಕಾರಣ ಕೊಡಿರಿ.
2. 16 ಮೆಗಾಬೈಟ್‌ಗಳ ಎಷ್ಟು ಲಾಗ್ ಕಡತಗಳು ಸೇರಿ 1 ಗಿಗಾಬೈಟ್ ಆಗುತ್ತದೆ?
3. ಚೆಕ್‌ಪಾಯಿಂಟ್‌ಗಳ ನಡುವಿನ ಅಂತರವನ್ನು ಹೆಚ್ಚಿಸಿದರೆ ಚೇತರಿಕೆಗೆ ಬೇಕಾಗುವ ಸಮಯದ ಮೇಲೆ ಯಾವ ಪರಿಣಾಮವಾಗುತ್ತದೆ?
4. ಲಾಗ್‌ನ ಡಿಸ್ಕು ತುಂಬಿದೆ. ಗೆಳೆಯನೊಬ್ಬ ಹಳೆಯ ಲಾಗ್ ಕಡತಗಳನ್ನು ಅಳಿಸೋಣ ಎನ್ನುತ್ತಾನೆ. ಅವನಿಗೆ ನೀವು ಕೊಡುವ ಉತ್ತರವೇನು?
5. ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು, ಯುಟಿಎಫ್-8ರಲ್ಲಿ ಅದು ಎಷ್ಟು ಬೈಟ್ ಹಿಡಿಯುತ್ತದೆಂದು ಲೆಕ್ಕಹಾಕಿರಿ.

ಅಧ್ಯಾಪಕರಿಗೆ ಕೊನೆಯ ಸೂಚನೆ

ತಾಂತ್ರಿಕ ಹೆಸರುಗಳು ಪರೀಕ್ಷೆಯ ದೃಷ್ಟಿಯಿಂದ ಅಗತ್ಯವಾದರೂ, ಅವುಗಳ ಹಿಂದಿನ ಕ್ರಮವನ್ನು ವಿದ್ಯಾರ್ಥಿ ತನ್ನ ಮಾತಿನಲ್ಲಿ ಹೇಳುವಂತಾಗುವುದು ಹೆಚ್ಚು ಮುಖ್ಯ. ಮನೆಯಲ್ಲಿ ಹಳೆಯ ಲೆಕ್ಕದ ಪುಸ್ತಕಗಳಿದ್ದರೆ ಹಿರಿಯರ ಅನುಮತಿಯಿಂದ ಒಂದನ್ನು ತರಗತಿಗೆ ತರುವಂತೆ ಹೇಳಬಹುದು. ನಡೆದುದನ್ನು ನಡೆದಾಗಲೇ ಬರೆಯಬೇಕು, ಬರೆದುದನ್ನು ಕಾಯ್ದುಕೊಳ್ಳಬೇಕು, ಬರೆಯುವ ಮೊದಲು ಆಯಿತೆಂದು ಹೇಳಬಾರದು. ಈ ಮೂರು ಮಾತುಗಳು ಅರ್ಥವಾದ ವಿದ್ಯಾರ್ಥಿಗೆ ಟೇಬಲ್‌ಸ್ಪೇಸ್ ಮತ್ತು ವ್ಯವಹಾರ ಲಾಗ್‌ಗಳ ಮಿಕ್ಕ ವಿವರಗಳು ಸುಲಭವಾಗಿಯೇ ಒಲಿಯುತ್ತವೆ.